ಕನ್ನಡಿ ಇಲ್ಲದೆ ಹೈವೇಲಿ ಒಂದು ದಿನ

ಸೈಕಲ್ ಹ್ಯಾಂಡಲ್ ತುದಿಗೆ ಸಿಗಿಸೋ ಸಣ್ಣ ಕನ್ನಡಿ ಇಲ್ದೆ ನಾನು ಹೈವೇಗೆ ಇಳಿಯೋದೇ ಇಲ್ಲ. ಆದ್ರೆ ಆವತ್ತು ಹೊರಟು ಸುಮಾರು ದೂರ ಹೋದ್ಮೇಲೆ, ಟಾರ್ ಕಿತ್ತುಹೋಗಿರೋ ಜಾಗದಲ್ಲಿ ಗಡಗಡ ಅಂತ ಅಲ್ಲಾಡಿ ಅದರ ಕ್ಲ್ಯಾಂಪೇ ಮುರಿದುಹೋಯ್ತು. ಜೊತೇಲಿ ನಮ್ಮ ಗುಂಪಿನ ಹಿರಿಯ ಸೈಕ್ಲಿಸ್ಟ್ ಒಬ್ರಿದ್ರು, ನಾವೆಲ್ಲ ಅವರನ್ನ ಅಣ್ಣ ಅಂತಾನೇ ಕರೆಯೋದು. "ಏನ್ ಮಾಡೋದಣ್ಣ, ವಾಪಸ್ ಹೋಗೋಣ್ವಾ" ಅಂದೆ. "ಯಾಕೋ, ಕತ್ತು ತಿರುಗುತ್ತಲ್ಲ, ನಡಿ" ಅಂದ್ರು. ಕನ್ನಡಿ ಜೇಬಿಗೆ ಹಾಕ್ಕೊಂಡು ಹೊರಟೆ.

ಹೋಗೋವಾಗ ಪೂರ್ತಿ ಎದುರುಗಾಳಿ. ಎದುರುಗಾಳೀಲಿ ಕಾಲು ಸೋಲುತ್ತೆ ಅನ್ನೋದು ಎಲ್ರಿಗೂ ಗೊತ್ತು, ಆದ್ರೆ ಕಿವೀನೂ ಕೈಕೊಡುತ್ತೆ ಅನ್ನೋದನ್ನ ಯಾರೂ ಅಷ್ಟಾಗಿ ಹೇಳಲ್ಲ. ಒಂದು, ಗಾಳಿ ಕಿವಿ ಅಂಚಿಗೆ ಬಡಿದು ಬರ್ರ್ ಅಂತ ಒಂದೇ ಸಮನೆ ಸದ್ದು ಮಾಡ್ತಾ ಇರುತ್ತೆ. ಇನ್ನೊಂದು, ಹಿಂದೆ ಬರೋ ಗಾಡಿ ಸದ್ದು ನಮ್ಮ ಹತ್ರ ಬರ್ಬೇಕು ಅಂದ್ರೆ ಗಾಳಿಗೆ ಎದುರಾಗಿ ಬರ್ಬೇಕು, ಹಾಗೆ ಬರೋ ಸದ್ದು ಮೇಲಕ್ಕೆ ಬಾಗಿ ಹೋಗಿಬಿಡುತ್ತೆ, ನೆಲದ ಹತ್ರ ಇರೋ ನಮಗೆ ಸರಿಯಾಗಿ ಮುಟ್ಟೋದೇ ಇಲ್ಲ. ಅದಕ್ಕೆ ಅಷ್ಟು ದೊಡ್ಡ ಬಸ್ಸು ಕೂಡ ಪಕ್ಕಕ್ಕೆ ಬಂದ್ಮೇಲೇ ಗೊತ್ತಾಗೋದು. ಮುಖವನ್ನ ಸ್ವಲ್ಪ ಪಕ್ಕಕ್ಕೆ ತಿರುಗಿಸಿದ್ರೆ ಆ ಬರ್ರ್ ಸದ್ದು ಕಡಿಮೆ ಆಗಿ ಟೈರಿನ ಸದ್ದು ಕೇಳುತ್ತೆ, ಅಂದ್ರೆ ಹಿಂದೆ ನೋಡೋಕೆ ಅಂತ ಕತ್ತು ತಿರುಗಿಸಿದಾಗ ಕಣ್ಣಿನ ಜೊತೆಗೆ ಕಿವೀಗೂ ಅನುಕೂಲ.

ಕತ್ತು ತಿರುಗಿಸೋದು ಅಂದ್ರೆ ಸುಮ್ನೆ ಅಲ್ಲ. ತಲೆ ಯಾವ ಕಡೆ ತಿರುಗುತ್ತೋ ಭುಜ ಆ ಕಡೆ ಹೋಗುತ್ತೆ, ಭುಜದ ಹಿಂದೆ ಕೈ, ಕೈಯಿಂದ ಹ್ಯಾಂಡಲ್, ಹೀಗೆ ಸೈಕಲ್ ನಿಧಾನಕ್ಕೆ ರಸ್ತೆ ನಡುವಿಗೆ ಜಾರುತ್ತೆ, ಅದೂ ನಾವು ಮುಂದೆ ನೋಡದೇ ಇರೋ ಹೊತ್ತಲ್ಲಿ. ಅಣ್ಣ ಮಾಡೋದನ್ನ ಆವತ್ತು ಪಕ್ಕದಿಂದ ಚೆನ್ನಾಗಿ ಗಮನಿಸಿದೆ. ಹಿಂದೆ ನೋಡೋ ಕಡೆಯ ಕೈಯನ್ನ ಹ್ಯಾಂಡಲ್‌ನಿಂದ ತೆಗೆದು ತೊಡೆ ಮೇಲೆ ಇಡ್ತಾರೆ, ಇನ್ನೊಂದು ಕೈ ಮೊಣಕೈ ಸಡಿಲ ಬಿಟ್ಟು ಹ್ಯಾಂಡಲ್ ನಡುಭಾಗಕ್ಕೆ ಹತ್ರ ಹಿಡಿದಿರುತ್ತೆ, ಗಲ್ಲ ಹೋಗಿ ಭುಜ ಮುಟ್ಟುತ್ತೆ, ಪೆಡಲ್ ಮಾತ್ರ ನಿಲ್ಲಲ್ಲ. ರಸ್ತೆ ಅಂಚಿನ ಬಿಳಿ ಗೆರೆ ಪಕ್ಕದಲ್ಲೇ ಅವರ ಚಕ್ರ ಓಡ್ತಾ ಇತ್ತು, ಒಂದು ಗೇಣು ಕೂಡ ಆಚೀಚೆ ಆಗ್ಲಿಲ್ಲ.

ಹಾಗೆ ನೋಡೋಕೂ ಒಂದು ಲೆಕ್ಕ ಇದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗ್ತಿದ್ರೆ ಒಂದು ಸೆಕೆಂಡಿಗೆ ಐದೂವರೆ ಮೀಟರ್ ಮುಂದೆ ಹೋಗಿರ್ತೀವಿ. ಅಷ್ಟು ದೂರದ ರಸ್ತೆ ಕ್ಲೀನಾಗಿದೆ ಅಂತ ಮೊದಲೇ ನೋಡ್ಕೊಂಡು ಆಮೇಲೆ ತಿರುಗ್ಬೇಕು, ಗುಂಡಿ ಎದುರಿಗೆ ಬಂದ್ಮೇಲೆ ಹಿಂದೆ ನೋಡೋಕೆ ಹೋದ್ರೆ ಎರಡೂ ಕಡೆ ಕೆಟ್ಟಿತು. ಹಿಂದಿನ ಲೆಕ್ಕ ಹೇಗೆ ಅಂದ್ರೆ, 80ರಲ್ಲಿ ಬರ್ತಿರೋ ಕಾರು 100 ಮೀಟರ್ ಹಿಂದಿದ್ರೆ, 20ರಲ್ಲಿ ಹೋಗ್ತಿರೋ ನಮ್ಮನ್ನ ಮುಟ್ಟೋಕೆ ಅದಕ್ಕೆ ಬರೀ 6 ಸೆಕೆಂಡ್ ಸಾಕು. ನೋಡಿ, ಯೋಚಿಸಿ, ಕೈ ತೋರಿಸಿ, ಸೈಡಿಗೆ ಹೋಗೋದು ಎಲ್ಲ ಅಷ್ಟರೊಳಗೆ ಆಗ್ಬೇಕು. ಅದಕ್ಕೇ ಹಿಂದೆ ಏನಿದೆ ಅನ್ನೋ ವಿಷಯ ಬೇಕಾದಾಗ ಹುಡುಕೋದಲ್ಲ, ಯಾವಾಗ್ಲೂ ತಲೇಲಿ ರೆಡಿ ಇರ್ಬೇಕು ಅಂತ ನಾನು ಇಷ್ಟು ಒತ್ತಿ ಹೇಳೋದು.

ಆವತ್ತೇ ಅದು ಕೆಲಸಕ್ಕೆ ಬಂತು. ಮುಂದೆ ದೂರದಲ್ಲಿ ಅರ್ಧ ರಸ್ತೆ ಹಿಡ್ಕೊಂಡು ಒಂದು ಲಾರಿ ಕೆಟ್ಟು ನಿಂತಿತ್ತು, ಚಕ್ರಕ್ಕೆ ಕಲ್ಲು ಕೊಟ್ಟಿದ್ರು, ಹಿಂದೆ ಒಂದು ಸೊಪ್ಪಿನ ಕೊಂಬೆ ಇಟ್ಟಿದ್ರು. ಅದನ್ನ ಸುತ್ತಿ ಹೋಗ್ಬೇಕು ಅಂದ್ರೆ ಗಾಡಿಗಳು ಓಡೋ ಜಾಗಕ್ಕೇ ಬರ್ಬೇಕು. ಅಷ್ಟು ದೂರ ಇರೋವಾಗ್ಲೇ ತಿರುಗಿ ನೋಡಿದೆ, ಇನ್ನೊಂದು ತುಂಬಿದ ಲಾರಿ ಬರ್ತಿತ್ತು, ಇದು ಹೋಗ್ಲಿ ಅಂತ ಗೆರೆ ಪಕ್ಕದಲ್ಲೇ ಉಳಿದೆ. ದೊಡ್ಡ ಲಾರಿ ಹತ್ರದಲ್ಲಿ ಹೋಗೋವಾಗ ಮೊದ್ಲು ಗಾಳಿ ನಮ್ಮನ್ನ ಹೊರಕ್ಕೆ ದಬ್ಬುತ್ತೆ, ಆಮೇಲೆ ಅದರ ಕಡೆಗೇ ಎಳೆಯುತ್ತೆ, ಹ್ಯಾಂಡಲ್ ಗಟ್ಟಿಯಾಗಿ ಅಲ್ಲ, ಸ್ಥಿರವಾಗಿ ಹಿಡಿದಿರ್ಬೇಕು ಅಷ್ಟೆ. ಲಾರಿ ಹೋಯ್ತು, ಸದ್ದೂ ಹೋಯ್ತು, ಕಿವಿ ಪ್ರಕಾರ ರಸ್ತೆ ಖಾಲಿ. ಅಣ್ಣ ಹಿಂದಿನಿಂದ "ಇನ್ನೊಂದಿದೆ, ಇನ್ನೊಂದಿದೆ!" ಅಂತ ಕೂಗಿದ್ರು, ನಾನೂ ಅಷ್ಟೊತ್ತಿಗೆ ಎರಡನೇ ಸಲ ತಿರುಗಿದ್ದೆ. ಲಾರಿ ಬೆನ್ನಿಗೇ ಅಂಟಿಕೊಂಡ ಹಾಗೆ ಒಂದು ಎಲೆಕ್ಟ್ರಿಕ್ ಕಾರು. ಲಾರಿ ಅದನ್ನ ಕಣ್ಣಿಗೂ ಮುಚ್ಚಿತ್ತು, ಕಿವಿಗೂ ಮುಚ್ಚಿತ್ತು. ಆ ಡ್ರೈವರಿಗೂ ಲಾರಿ ಮುಂದಕ್ಕೆ ಹೋಗೋವರೆಗೆ ನಾವು ಕಾಣ್ತಿರಲಿಲ್ಲ ಅನ್ನೋದು ನಿಜ. ಯುರೋಪಲ್ಲಿ 2021ರಿಂದ ಹೊಸ ಎಲೆಕ್ಟ್ರಿಕ್ ಕಾರುಗಳಿಗೆಲ್ಲ ಬೇಕಂತಲೇ ಸದ್ದು ಹೊರಡಿಸೋ ಸಾಧನ ಕಡ್ಡಾಯ ಮಾಡಿದ್ದಾರೆ, ಆದ್ರೆ ಅದು ಗಂಟೆಗೆ 20 ಕಿ.ಮೀ. ವೇಗದವರೆಗೆ, ಅದರ ಮೇಲೆ ಟೈರಿನ ಸದ್ದನ್ನೇ ನಂಬ್ಬೇಕು.

ಕಾರು ಹೋದ್ಮೇಲೆ ಮೂರನೇ ಸಲ ನೋಡಿದೆ, ಸಾಕಷ್ಟು ಹಿಂದೆ ಒಂದು ಟೆಂಪೋ ಇತ್ತು. ಈ ಸಲ ಬೇಗ ಮುಖ ತಿರುಗಿಸ್ಕೊಳ್ಳಲಿಲ್ಲ, ಡ್ರೈವರ್ ಕಡೆಗೇ ನೋಡಿ ಕೈ ಚಾಚಿದೆ. ಟೆಂಪೋದವನು ವೇಗ ಇಳಿಸಿದ. ಹಿಂದೆ ತಿರುಗಿ ನೋಡೋದ್ರಲ್ಲಿ ನಂಗೆ ತುಂಬಾ ಮುಖ್ಯ ಅನ್ಸೋದು ಇದು: ನಾವು ನೋಡಿದ್ದು ಹಿಂದಿರೋರಿಗೆ ಕಾಣ್ಸುತ್ತೆ. ತಲೆ ತಿರುಗಿತು ಅಂದ್ರೆ ಇವರೇನೋ ಮಾಡ್ತಾರೆ ಅಂತ ಹುಷಾರಾಗ್ತಾರೆ, ಜಾಗ ಬಿಡ್ತಾರೆ. ಕನ್ನಡೀಲಿ ಎಷ್ಟು ಸಲ ನೋಡಿದ್ರೂ ಅವರಿಗೆ ಅದು ಗೊತ್ತಾಗಲ್ಲ. ನಿಂತ ಲಾರಿಗೆ ಇನ್ನೂ ದೂರ ಇರೋವಾಗ್ಲೇ ನಿಧಾನಕ್ಕೆ ಹೊರಗೆ ಬಂದು, ಅದನ್ನ ದಾಟಿ, ಇಬ್ರೂ ಅಂಚಿಗೆ ಸೇರಿದ್ವಿ, ಟೆಂಪೋದವನಿಗೆ ಅಣ್ಣ ಕೈ ಎತ್ತಿ ಥ್ಯಾಂಕ್ಸ್ ಹೇಳಿದ್ರು.

ವಾಪಸ್ ಬರೋವಾಗ ಗಾಳಿ ಬೆನ್ನಿಗೆ. ಕಿವಿಗೆ ಬಡಿಯೋ ಗಾಳೀನೇ ಇಲ್ಲ, ಯಾವ ಗಾಡಿ ಬರ್ತಿದ್ರೂ ದೂರದಿಂದ್ಲೇ ಕೇಳ್ತಿತ್ತು, ಮಾತಾಡ್ಕೊಂಡು ಬಂದ್ವಿ. ರೇಡಾರ್ ತಗೊಳ್ಳೋ ವಿಷಯ ಬಂತು. ಗಾರ್ಮಿನ್ ವೇರಿಯಾ ಥರದ್ದು ಸೀಟಿನ ಕೆಳಗೆ ಕೂತು ಸುಮಾರು 140 ಮೀಟರ್ ದೂರದಿಂದ್ಲೇ ಗಾಡಿ ಬರೋದನ್ನ ಹೇಳುತ್ತೆ, ಒಳ್ಳೇ ಸಾಧನಾನೇ. ಆದ್ರೆ ಬರ್ತಿರೋ ಗಾಡಿ ಪಕ್ಕದಲ್ಲಿ ಎಷ್ಟು ಜಾಗ ಬಿಟ್ಟು ಹೋಗುತ್ತೆ ಅಂತ ಅದು ಹೇಳಲ್ಲ, ನಮ್ಮಷ್ಟೇ ವೇಗದಲ್ಲಿ ಹಿಂದೇನೇ ಬರ್ತಿರೋ ಗಾಡಿ ಅದರ ಲೆಕ್ಕದಿಂದ ತಪ್ಪಿಹೋಗೋದೂ ಉಂಟು. ಕನ್ನಡಿ ಕಥೇನೂ ಹಾಗೇ, ಉಬ್ಬುಗನ್ನಡೀಲಿ ಗಾಡಿ ಇರೋದಕ್ಕಿಂತ ದೂರ ಇದ್ದಂಗೆ ಕಾಣುತ್ತೆ. ನಾನು ಹೊಸ ಕನ್ನಡಿ ಹಾಕಿಸಿದ್ದೀನಿ, ರೇಡಾರೂ ತಗೋತೀನಿ ಅನ್ಸುತ್ತೆ, ಆದ್ರೆ ರಸ್ತೇಲಿ ಜಾಗ ಬದಲಾಯಿಸೋಕೆ ಮುಂಚೆ ಕತ್ತು ತಿರುಗಿಸೋದನ್ನ ಯಾವುದಕ್ಕೂ ಬಿಡಲ್ಲ.

ಈಗಷ್ಟೇ ಕಲೀತಿರೋರು ಇದನ್ನ ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿ. ನೆಲದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು ಅದರ ಮೇಲೆ ಸೈಕಲ್ ಬಿಡಿ, ಹಿಂದೆ ಒಬ್ರು ನಿಂತು ಬೆರಳು ತೋರಿಸ್ಲಿ, ಎಷ್ಟು ಬೆರಳು ಅಂತ ಗೆರೆ ಬಿಡದೆ ತಿರುಗಿ ನೋಡಿ ಹೇಳ್ಬೇಕು. ಎರಡೂ ಕಡೆ ತಿರುಗಿ ಮಾಡಿ, ಒಂದು ಕಡೆ ಸಲೀಸು ಇರೋರಿಗೆ ಇನ್ನೊಂದು ಕಡೆ ಕಷ್ಟ ಆಗುತ್ತೆ. ಬೆರಳು ಸರಿಯಾಗಿ ಹೇಳಿ ಚಕ್ರಾನೂ ಗೆರೆ ಮೇಲೇ ಇದ್ರೆ ಆಮೇಲೆ ರಸ್ತೆಗೆ ಬನ್ನಿ.