ಪೆಟ್ಟಿಗೆ ಬರುವ ದಾರಿ

ನಮ್ಮ ಅಜ್ಜಿಗೆ ಹೊಯ್ಸಳರು ಯಾರು ಅಂತ ಗೊತ್ತಿರಲಿಲ್ಲ. ರಾಮಾನುಜಾಚಾರ್ಯರು ಯಾವ ಶತಮಾನದವರು ಅಂತ ಕೇಳಿದ್ದರೆ ನಕ್ಕುಬಿಡುತ್ತಿದ್ದಳು. ಆದರೆ ವೈರಮುಡಿ ದಿನ ಮಂಡ್ಯದಿಂದ ಹೊರಟ ಪೆಟ್ಟಿಗೆ ನಮ್ಮೂರ ತಿರುವಿಗೆ ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಹುಣಸೆಮರದ ಹತ್ತಿರ ಗಾಡಿ ನಿಧಾನ ಆಗುತ್ತದೆ, ಎಲ್ಲಿ ನಿಂತರೆ ನೂಕಾಟದಲ್ಲಿ ಸಿಗದೆ ಆರತಿ ಎತ್ತಬಹುದು, ಇದೆಲ್ಲ ಅವಳಿಗೆ ಬಾಯಿಪಾಠ.

ಮೇಲುಕೋಟೆ ವೈರಮುಡಿ ಅಂದರೆ ಎಲ್ಲರಿಗೂ ನೆನಪಾಗುವುದು ರಾತ್ರಿ. ಗರುಡನ ಮೇಲೆ ಚೆಲುವನಾರಾಯಣ, ತಲೆ ಮೇಲೆ ವಜ್ರದ ಕಿರೀಟ, ಬೀದಿ ತುಂಬ ಜನ. ನನಗೆ ಮಾತ್ರ ಮೊದಲು ನೆನಪಾಗುವುದು ಅದೇ ದಿನದ ಹಗಲು. ಕಿರೀಟ ವರ್ಷವಿಡೀ ದೇವಸ್ಥಾನದಲ್ಲಿ ಇರುವುದಿಲ್ಲ ಅಲ್ವಾ. ಮಂಡ್ಯದ ಜಿಲ್ಲಾ ಖಜಾನೆಯಲ್ಲಿ ಇರುತ್ತದೆ. ಉತ್ಸವದ ದಿನ ಬೆಳಿಗ್ಗೆ ವೈರಮುಡಿ, ರಾಜಮುಡಿ ಎರಡನ್ನೂ ಹೊರಗೆ ತೆಗೆದು, ಪೂಜೆ ಮಾಡಿ, ಪೊಲೀಸ್ ಕಾವಲಿನಲ್ಲಿ ಕಳಿಸುತ್ತಾರೆ. ಮಂಡ್ಯದಿಂದ ಮೇಲುಕೋಟೆಗೆ ನೇರ ಹೋದರೆ 40 ಕಿಲೋಮೀಟರೂ ಇಲ್ಲ. ಆದರೂ ಪೆಟ್ಟಿಗೆ ತಲುಪುವಾಗ ಸಂಜೆ ಆಗಿರುತ್ತದೆ. ಯಾಕೆಂದರೆ ಅದು ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯಿಂದ ಸುತ್ತಿಕೊಂಡು, ಊರೂರಲ್ಲಿ ನಿಂತು, ಪೂಜೆ ಮಾಡಿಸಿಕೊಂಡು ಹೋಗುತ್ತದೆ. ಆ ದಾರಿ ಮೇಲೆ ನಮ್ಮ ಅಜ್ಜಿಯ ಊರು.

ಚಿಕ್ಕವಳಿದ್ದಾಗ 'ವೈರ' ಅಂದರೆ ದ್ವೇಷ ಅಂದುಕೊಂಡಿದ್ದೆ. ದೇವರು ಯಾರ ಮೇಲೆ ಸಿಟ್ಟು ಮಾಡಿಕೊಂಡು ಕಿರೀಟ ಹಾಕಿಕೊಳ್ಳುತ್ತಾನೋ ಅಂತ ಭಯ. ತಮಿಳಿನಲ್ಲಿ ವೈರಂ ಅಂದರೆ ವಜ್ರ ಅಂತ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಅಷ್ಟರಲ್ಲಿ ನಮ್ಮ ಕಡೆ ಮಕ್ಕಳಿಗೇ ವೈರಮುಡಿ ಅಂತ ಹೆಸರಿಡುತ್ತಾರೆ ಅನ್ನುವುದೂ ಗೊತ್ತಾಗಿತ್ತು. ಚೆಲುವಯ್ಯ, ಚೆಲುವೇಗೌಡ, ಚೆಲುವಮ್ಮ ಅಂತೂ ಬೀದಿಗೆ ನಾಲ್ಕು ಜನ. ಹಾಜರಿ ಕೂಗಿದರೆ ಸಾಕು, ಅರ್ಧ ಮೇಲುಕೋಟೆ ಎದ್ದು ನಿಲ್ಲುತ್ತಿತ್ತು.

ಪೆಟ್ಟಿಗೆ ಬರುವ ದಿನ ಅಜ್ಜಿ ಕೋಳಿ ಕೂಗುವ ಮುಂಚೆ ಏಳುತ್ತಿದ್ದಳು. ಮನೆ ಮುಂದೆ ಮಾತ್ರ ಅಲ್ಲ, ರಸ್ತೆಯ ಅಂಚಿನವರೆಗೂ ಸಗಣಿ ನೀರು ಹಾಕಿ, ರಂಗೋಲಿ ಬಿಡುತ್ತಿದ್ದಳು. ಮಾವಿನ ಸೊಪ್ಪಿನ ತೋರಣ ಕಟ್ಟುವುದು ಮಾವನ ಕೆಲಸ. ನನ್ನ ಕೆಲಸ ಬೆಲ್ಲ ಕುಟ್ಟುವುದು. ತಾಮ್ರದ ಹಂಡೆಯಲ್ಲಿ ಪಾನಕ ಆಗಬೇಕು. ಏಲಕ್ಕಿ, ಮೆಣಸು, ನಿಂಬೆಹಣ್ಣು. ಹಂಡೆಗೆ ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿಟ್ಟರೆ ಎಂಥ ಬಿಸಿಲಿಗೂ ತಣ್ಣಗೆ. ದಾರಿಯಲ್ಲಿ ಬಂದವರಿಗೆಲ್ಲ ಒಂದೊಂದು ಲೋಟ. ಯಾರ ಮನೆಯವರು, ಯಾವ ಊರು ಅಂತ ಕೇಳುವ ಹಾಗಿಲ್ಲ.

ಈ ಪಾನಕ ಯಾಕೆ ಅಂತ ಒಂದು ಸಲ ಕೇಳಿದ್ದಕ್ಕೆ ಅಜ್ಜಿ ವರನಂದಿಯ ಕತೆ ಹೇಳಿದಳು. ಓದಿದವರು ಬೀಬಿ ನಾಚ್ಚಿಯಾರ್ ಅನ್ನುತ್ತಾರೆ. ದಿಲ್ಲಿ ಬಾದಶಹನ ದಂಡು ಮೇಲುಕೋಟೆಯ ಉತ್ಸವಮೂರ್ತಿಯನ್ನು ಹೊತ್ತುಕೊಂಡು ಹೋಯಿತು. ಬಾದಶಹನ ಮಗಳು ಅದನ್ನು ಬೊಂಬೆಯ ಹಾಗೆ ಆಡಿಸಿ, ಸಿಂಗರಿಸಿ, ಮನಸ್ಸು ಕೊಟ್ಟುಬಿಟ್ಟಳು. ರಾಮಾನುಜರು ಹೋಗಿ 'ಬಾರೋ ನನ್ನ ಚೆಲುವಪಿಳ್ಳೆ' ಅಂತ ಕರೆದರೆ ಮೂರ್ತಿ ಮಗುವಿನ ಹಾಗೆ ಬಂದು ತೊಡೆ ಮೇಲೆ ಕೂತಿತಂತೆ. ಅವರು ಕರೆತಂದರು. ಅದರ ಹಿಂದೆಯೇ ಹುಡುಗಿಯೂ ಹೊರಟು ಬಂದಳು. ಇವತ್ತಿಗೂ ಮೇಲುಕೋಟೆಯಲ್ಲಿ ಅವಳ ಜಾಗ ಚೆಲುವರಾಯನ ಪಾದದ ಹತ್ತಿರ.

"ಈ ದಾರೀಲೇ ಬಂದಿರ್ಬೇಕು ಕಣ್ಮಗ. ಇನ್ಯಾವ ದಾರಿ ಅದೆ?" ಅಂದಳು ಅಜ್ಜಿ.

ಕಾಲೇಜಿಗೆ ಸೇರಿದ ಮೇಲೆ ನನಗೆ ಸ್ವಲ್ಪ ಕೊಬ್ಬು ಬಂತು. ರಾಮಾನುಜರ ಕಾಲ 12ನೇ ಶತಮಾನದ ಮೊದಲ ಭಾಗ. ದಿಲ್ಲಿಯಲ್ಲಿ ಸುಲ್ತಾನರ ಆಳ್ವಿಕೆ ಶುರುವಾಗಿದ್ದೇ 1206ರಲ್ಲಿ. ಲೆಕ್ಕ ತಾಳೆ ಆಗಲ್ಲ ಅಂತ ಅಜ್ಜಿಯ ಮುಂದೆ ಕೂತು ವಿವರಿಸಿದೆ. ಅವಳು ಹೆಸರುಬೇಳೆ ಆರಿಸುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

"ಇರ್ಲಿ. ಆ ಹೆಣ್ಮಗ ಅಷ್ಟು ದೂರದಿಂದ ನಡ್ಕಂಡು ಬಂತಲ್ಲ, ಯಾರು ನೀರು ಕೊಟ್ರು ಅಂತ ಬರ್ದವ್ರಾ ನಿನ್ ಪುಸ್ತಕದಲ್ಲಿ?"

ಬರೆದಿರಲಿಲ್ಲ. ಸುಮ್ನೆ ಎದ್ದು ಹೋಗಿ ಬೆಲ್ಲ ಕುಟ್ಟಿದೆ. ಇವತ್ತಿಗೂ ನನ್ನ ಅಭಿಪ್ರಾಯ ಬದಲಾಗಿಲ್ಲ, ಇಸವಿಗಳು ತಾಳೆ ಆಗುವುದಿಲ್ಲ. ಆದರೆ ಪಾನಕ ಮಾಡುವುದನ್ನು ಬಿಡುವುದಕ್ಕೆ ಅದು ಕಾರಣ ಅಂತ ಅನಿಸಿಲ್ಲ.

ಇನ್ನೊಂದು ವಿಷಯಕ್ಕೆ ಮಾತ್ರ ಅಜ್ಜಿಯ ಮೇಲೆ ನನಗೆ ನಿಜವಾದ ಸಿಟ್ಟಿತ್ತು. ಬೆಳಗಿನಿಂದ ಕಾದು, ಕಾಲು ನೋಯಿಸಿಕೊಂಡು ನಿಂತು, ಕೊನೆಗೆ ಗಾಡಿ ಎದುರು ಬಂದು ನಿಂತಾಗ ಅವಳು ಕಣ್ಣು ಮುಚ್ಚಿಬಿಡುತ್ತಿದ್ದಳು! ಕೈಯಲ್ಲಿ ಆರತಿ ತಟ್ಟೆ, ಕಣ್ಣು ಮುಚ್ಚಿಯೇ ಮೂರು ಸುತ್ತು. ಒಂದು ವರ್ಷ ತಟ್ಟೆ ವಾಲಿ, ಮುಂದೆ ನಿಂತಿದ್ದ ಪೊಲೀಸಿನವರ ತೋಳಿನ ಮೇಲೆ ಕುಂಕುಮದ ನೀರು ಚೆಲ್ಲಿತು. ಪಾಪ, ಅವರು ಬೈಯಲಿಲ್ಲ. ಒರೆಸಿಕೊಂಡು ಕೈ ಮುಗಿದರು. ನಾನು ಮಾತ್ರ ಕಾಲ್ಬೆರಳ ಮೇಲೆ ನಿಂತು ಇಣುಕುತ್ತಿದ್ದೆ. ಕಾಣುತ್ತಿದ್ದುದು ಹೂವಿನ ರಾಶಿ, ಅದರ ಸಂದಿಯಲ್ಲಿ ಪೆಟ್ಟಿಗೆಯ ಒಂದು ಮೂಲೆ. ಅಷ್ಟೇ. ತೆಂಗಿನಕಾಯಿ ಒಡೆಯುವಷ್ಟು ಹೊತ್ತು, ಗಾಡಿ ಹೊರಟೇಹೋಗುತ್ತಿತ್ತು.

"ತೆಗ್ದು ತೋರ್ಸಲ್ವಾ?" ಅಂದರೆ, "ಹಗಲೊತ್ತು ನೋಡ್ಬಾರ್ದು" ಅನ್ನುತ್ತಿದ್ದಳು.

ಆಮೇಲೆ ಒಂದು ವರ್ಷ ಅತ್ತೆಯ ಜೊತೆ ಮೇಲುಕೋಟೆಗೇ ಹೋಗಿ ರಾತ್ರಿ ಉತ್ಸವ ನೋಡಿದೆ. ಮೈಗೆ ಮೈ ತಾಗುವ ಜನ. ದೀವಟಿಗೆಯ ಎಣ್ಣೆ ವಾಸನೆ, ಮಲ್ಲಿಗೆ, ಬೆವರು. ಗರುಡವಾಹನ ತಿರುಗಿದಾಗ ಕಿರೀಟ ಕಂಡದ್ದು ಎರಡು ಉಸಿರಿನಷ್ಟು ಹೊತ್ತು. ಮಿಂಚಿತು ಅಂತ ಹೇಳಬಲ್ಲೆ, ಹೇಗಿತ್ತು ಅಂತ ಹೇಳಲಾರೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಅಲ್ಲೇ ಒಂದು ಮಾತು ಹೇಳಿದರು. ಈ ಕಿರೀಟವನ್ನು ಗರುಡನೇ ತಂದಿದ್ದಂತೆ, ಬರಿಗಣ್ಣಿನಲ್ಲಿ ಅದನ್ನು ನೋಡಬಾರದಂತೆ. ಅದಕ್ಕೇ ದೇವರಿಗೆ ತೊಡಿಸುವಾಗ ಅರ್ಚಕರು ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ.

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಅಜ್ಜಿ ಹೋಗಿ ಆಗ ಎರಡು ವರ್ಷ.

ಮಾರನೇ ದಿನ ಜನ ಕರಗಿದ ಮೇಲೆ ದೇವಸ್ಥಾನದ ಒಳಗೆ ನಿಧಾನವಾಗಿ ಸುತ್ತಿದೆವು. ಅಲ್ಲಿ ಒಂದು ಕಂಬದ ಮೇಲೆ ರಾಜ ಒಡೆಯರ ಉಬ್ಬುಶಿಲ್ಪ ಇದೆ. ಒಂದೂವರೆ ಅಡಿ ಇದ್ದೀತು. ಕೈ ಮುಗಿದು ನಿಂತಿದ್ದಾರೆ. 1610ರಲ್ಲಿ ಶ್ರೀರಂಗಪಟ್ಟಣವನ್ನು ಗೆದ್ದುಕೊಂಡ ದೊರೆ ಇವರು. ರಾಜಮುಡಿ ಕಿರೀಟವನ್ನು ಚೆಲುವರಾಯನಿಗೆ ಕೊಟ್ಟವರೂ ಇವರೇ. ವೈರಮುಡಿ ಇಳಿಸಿದ ಮೇಲೆ ದೇವರು ತೊಡುವುದು ಅದನ್ನೇ. ಅಷ್ಟೆಲ್ಲ ಕೊಟ್ಟವರನ್ನು ಹುಡುಕಬೇಕಾದರೆ ಬಗ್ಗಿ ನೋಡಬೇಕು.

"ಇವ್ರಿಗೂ ಕಂಬದ ಮರೇಲೇ ಜಾಗ ಸಿಕ್ಕಿರೋದು ನೋಡು," ಅಂದರು ಅತ್ತೆ. ಹುಣಸೆಮರದ ಹತ್ತಿರ ತಮಗೆ ಸಿಗುವ ಜಾಗ ಅವರಿಗೆ ನೆನಪಾಗಿರಬೇಕು. ಹೊರಗೆ ಬಂದು ಪುಳಿಯೋಗರೆ ತಿಂದೆವು. ಬೆಟ್ಟ ಹತ್ತಿ ಯೋಗಾನರಸಿಂಹನನ್ನು ನೋಡುವಷ್ಟು ಕಾಲು ಇಬ್ಬರಿಗೂ ಉಳಿದಿರಲಿಲ್ಲ.

ಈಗ ಆ ಮನೆಯಲ್ಲಿ ಮಾವ, ಅತ್ತೆ ಇಬ್ಬರೇ. ರಸ್ತೆಗೆ ಡಾಂಬರು ಬಂದಿದೆ, ಸಗಣಿ ನೀರು ನಿಲ್ಲುವುದಿಲ್ಲ. ಹುಣಸೆಮರ ಇಲ್ಲ. ಗಾಡಿ ಮಾತ್ರ ಅಭ್ಯಾಸಬಲದಿಂದಲೋ ಏನೋ ಅಲ್ಲೇ ನಿಧಾನ ಆಗುತ್ತದೆ. ಹಿಂದಿನ ಸಲ ನಾನು ಮಗಳನ್ನು ಕರೆದುಕೊಂಡು ಹೋಗಿದ್ದೆ. ಅತ್ತೆಗೆ ಮಂಡಿನೋವು, ಹಾಗಾಗಿ ರಂಗೋಲಿ ನನ್ನ ಪಾಲಿಗೆ ಬಂತು. ಡಾಂಬರಿನ ಮೇಲೆ ಚುಕ್ಕಿ ಇಡುವುದು ಸುಲಭ ಅಲ್ಲ, ಪುಡಿ ಸಂದಿಗೆ ಇಳಿದುಬಿಡುತ್ತದೆ. ಎಡಗಡೆಯ ಎಸಳು ಸೊಟ್ಟ ಬಂತು. ಮಗಳು ನೋಡಿ ನಕ್ಕಳು.

ಪೆಟ್ಟಿಗೆ ಬಂತು, ನಿಂತಿತು, ಹೋಯಿತು. ಮಗಳು ಮೊಬೈಲ್ ಮೇಲೆತ್ತಿ ವಿಡಿಯೋ ಮಾಡಿದಳು. ಆಮೇಲೆ ತೆಗೆದು ನೋಡಿದರೆ ಯಾರದೋ ತಲೆ, ಹೂವು, ಆಕಾಶ.

ಜನ ಪಾನಕ ಕುಡಿದು ಚೆದುರಿದ ಮೇಲೆ ನೋಡುತ್ತೇನೆ, ಗಾಡಿಯ ಚಕ್ರ ನನ್ನ ಸೊಟ್ಟ ಎಸಳಿನ ಮೇಲೇ ಹಾದುಹೋಗಿದೆ. ಬಿಳಿ ಪುಡಿಯಲ್ಲಿ ಟೈರಿನ ಅಚ್ಚು ಸ್ಪಷ್ಟವಾಗಿ ಮೂಡಿತ್ತು. ಮಗಳು ಅದರ ಫೋಟೋ ತೆಗೆದುಕೊಂಡಳು. ಲೋಟ ತೊಳೆಯುವುದಕ್ಕೆ ಅಂತ ನಾನು ಬಕೆಟ್ ತಂದು ಜಗಲಿಯ ಅಂಚಿನಲ್ಲಿ ಇಟ್ಟೆ.

"ಅಲ್ಲಿ ನೀರು ಚೆಲ್ಲಬ್ಯಾಡ ಕಣವ್ವ," ಒಳಗಿನಿಂದ ಅತ್ತೆ ಕೂಗಿದರು. "ನಾಳೆಗಂಟ ಇರ್ಲಿ ಅದು."