ಹೆಳವರ ಹೊತ್ತಿಗೆಯಲ್ಲಿ ನಮ್ಮ ಮನೆತನ

ಉತ್ತರ ಕರ್ನಾಟಕದ ವ್ಯಾಪಾರಿ ಸಮುದಾಯವಾದ ಬಣಜಿಗರ ಮನೆತನವೊಂದರ ವಲಸೆಯನ್ನು ಅರಿಯಬೇಕಾದರೆ ಸರ್ಕಾರಿ ಕಡತಗಳಿಗಿಂತ ಮೊದಲು, ಮನೆತನಗಳ ವಂಶಾವಳಿ ಬರೆದಿಡುವ ಹೆಳವರ ಹೊತ್ತಿಗೆಯನ್ನು ನೋಡಬೇಕೆಂಬುದು ನನ್ನ ದೃಢ ಅಭಿಪ್ರಾಯ. ಎತ್ತಿನ ಮೇಲೆ ಬಂದು, ಮನೆಯಂಗಳದಲ್ಲಿ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರುಗಳನ್ನು ಹೇಳಿ, ಕಾಳುಕಡಿ, ಬಟ್ಟೆಬರೆ ಪಡೆದು, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು ಹೋಗುತ್ತಿದ್ದ ಈ ಜನ, ಒಕ್ಕಲು ಯಾವ ಊರು ಬಿಟ್ಟು ಯಾವ ಊರು ಸೇರಿತೆಂಬುದನ್ನೂ ದಾಖಲಿಸುತ್ತಿದ್ದರು. ಅದು ತಿಳಿಯದಿದ್ದರೆ ಅವರ ಜೀವನವೇ ನಡೆಯುತ್ತಿರಲಿಲ್ಲ.

ನಮ್ಮ ಪುಟದಲ್ಲಿ, ಧಾತು ಸಂವತ್ಸರದಲ್ಲಿ ಬಾಗಲಕೋಟೆ ಬಿಟ್ಟು ಹುಬ್ಬಳ್ಳಿ ಸೇರಿದರು ಎಂಬ ಒಂದೇ ಸಾಲಿದೆ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುವುದರಿಂದ ಅದು 1816 ಇರಬಹುದು, 1876 ಅಥವಾ 1936 ಕೂಡ ಇರಬಹುದು. ಊರು ಬಿಟ್ಟ ಹಿರಿಯರ ಸಹಿ 1890ರ ದಶಕದ ಹುಬ್ಬಳ್ಳಿಯ ಅಂಗಡಿಯೊಂದರ ಖರೀದಿ ಪತ್ರದಲ್ಲಿ ದೊರೆತ ಮೇಲೆ 1876 ಖಚಿತವಾಯಿತು. ಆ ವರ್ಷ ಮಳೆ ಕೈಕೊಟ್ಟು ಆರಂಭವಾದ ಮಹಾಕ್ಷಾಮ 1878ರವರೆಗೂ ಬಾಗಲಕೋಟೆ ಸೇರಿದ್ದ ಆಗಿನ ಕಲಾದಗಿ ಜಿಲ್ಲೆಯನ್ನು ಹಿಂಡಿತು. ಕೊಳ್ಳುವವರೇ ಇಲ್ಲದ ಪೇಟೆಯಲ್ಲಿ ವ್ಯಾಪಾರಿ ಉಳಿಯುವುದಾದರೂ ಹೇಗೆ? ಹೆಳವರು ಅದಕ್ಕೂ ಹಿಂದಿನ ಎರಡು ಊರುಗಳನ್ನು ಹೆಸರಿಸಿದ್ದಾರೆ, ಆದರೆ ಕಾಲವನ್ನು ಬರೆದಿಲ್ಲ.

ಅಂಗಡಿಯ ಹಳೆಯ ಕಿರ್ದಿ (ಲೆಕ್ಕದ) ಪುಸ್ತಕಗಳು, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿದ್ದು, ಅವನ್ನು ಓದಬಲ್ಲ ಹಿರಿಯರೊಬ್ಬರು ಈಗ ಪುಟ ಪುಟವಾಗಿ ನನಗೆ ಓದಿ ಹೇಳುತ್ತಿದ್ದಾರೆ.