ಅವ್ವನ ಬೋಗುಣಿಯಲ್ಲಿ ಕ್ಲಚ್ ಪ್ಲೇಟು

ಬೆಳಗಾವಿ, 17 ನವೆಂಬರ್ 2024, ರವಿವಾರ ರಾತ್ರಿ

ಉಗುರಿನ ಸಂದಿಯ ಕಪ್ಪು ಇನ್ನೂ ಹೋಗಿಲ್ಲ. ಕಡಲೆ ಹಿಟ್ಟು, ನಿಂಬೆಹಣ್ಣು, ಪಾತ್ರೆ ತಿಕ್ಕುವ ಸಾಬೂನು ಎಲ್ಲವೂ ಸೋತವು.

ಇದು ಶುರುವಾದದ್ದು ರಾಜ್ಯೋತ್ಸವದ ರಾತ್ರಿ. ಮೆರವಣಿಗೆಯ ದಿನ ಚನ್ನಮ್ಮ ವೃತ್ತದ ಕಡೆ ಗಾಡಿ ಒಯ್ಯಬಾರದೆಂದು ಈ ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ನಾನು ನನ್ನ ಬೈಕ್ ಒಯ್ದೆ. ಆ ಜನಸಾಗರದಲ್ಲಿ ಒಂದು ತಾಸು ಹಾಫ್ ಕ್ಲಚ್‌ನಲ್ಲೇ, ಅಂದರೆ ಕ್ಲಚ್ ಲಿವರನ್ನು ಅರ್ಧ ಹಿಡಿದುಕೊಂಡೇ, ತೆವಳಿ ಹೊರಬಿದ್ದಾಗ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ದೀಪಾವಳಿಯೂ ಅದೇ ವಾರ ಇತ್ತಲ್ಲ, ಪಟಾಕಿಯದಿರಬೇಕು ಎಂದುಕೊಂಡೆ.

ಹೋದ ರವಿವಾರ ಚೋರ್ಲಾ ಘಾಟಿನಲ್ಲಿ ಗುಟ್ಟು ರಟ್ಟಾಯಿತು. ಗೋವಾದಿಂದ ಮರಳುತ್ತಿದ್ದೆವು. ಹಿಂದೆ ಗೆಳೆಯ, ಅವನ ಬೆನ್ನಿಗೆ ಎರಡು ಚೀಲ. ಏರಿನಲ್ಲಿ ನಾಲ್ಕನೇ ಗೇರಿಗೆ ಹಾಕಿ ಆ್ಯಕ್ಸಲರೇಟರ್ ತಿರುವಿದರೆ ಎಂಜಿನ್ನಿನ ಕೂಗು ಏರುತ್ತದೆ, ಗಾಡಿ ಮಾತ್ರ ಕೇಳಿಸಿಯೇ ಇಲ್ಲ ಎಂಬಂತೆ ಇದ್ದಷ್ಟೇ ವೇಗದಲ್ಲಿರುತ್ತದೆ. ಗೇರು ಇಳಿಸಿದರೆ ಹೇಗೋ ಎಳೆಯುತ್ತಿತ್ತು. ಎಂಜಿನ್ನಿನ ಶಕ್ತಿಯನ್ನು ಚಕ್ರದ ಕಡೆ ದಾಟಿಸುವ ಕ್ಲಚ್ಚಿನ ಪ್ಲೇಟುಗಳು ಒಂದನ್ನೊಂದು ಹಿಡಿಯದೆ ಜಾರತೊಡಗಿದರೆ ಮೊದಲು ತೋರುವುದೇ ಹೀಗೆ, ಮೇಲಿನ ಗೇರಿನಲ್ಲಿ, ಭಾರ ಬಿದ್ದಾಗ. ಕಣಕುಂಬಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಗೆಳೆಯ, "ನಾನು ಇಲ್ಲಿಂದ ಮಲಪ್ರಭೆಯಲ್ಲಿ ತೇಲಿಕೊಂಡು ಹೋದರೂ ನಿನಗಿಂತ ಮೊದಲು ಖಾನಾಪುರ ಮುಟ್ಟುತ್ತೇನೆ" ಎಂದ.

ಉದ್ಯಮಬಾಗದ ಗ್ಯಾರೇಜಿನ ಕಾಕಾಗೆ ಫೋನ್ ಮಾಡಿದೆ. ಅವರು ಕೇಳಿದ್ದು ಎರಡೇ ಪ್ರಶ್ನೆ.

"ಯಾವ ಆಯಿಲ್ ಹಾಕಿದ್ದೀಯ ತಮ್ಮಾ? ಲಿವರ್ ಎಷ್ಟು ಸಡಿಲ ಬಿಟ್ಟಿದ್ದೀಯ?"

ಎರಡಕ್ಕೂ ನನ್ನ ಉತ್ತರ ಹೇಳಿಕೊಳ್ಳುವಂಥದ್ದಲ್ಲ. ಅಣ್ಣನ ಕಾರಿಗೆ ತಂದು ಉಳಿದ ಆಯಿಲನ್ನು ಏಕೆ ಹಾಳು ಮಾಡಬೇಕೆಂದು ನನ್ನ 2011ರ ಥಂಡರ್‌ಬರ್ಡ್‌ಗೆ ಸುರಿದಿದ್ದೆ. ಇದರಲ್ಲಿ ಎಂಜಿನ್ನಿಗೂ ಕ್ಲಚ್ಚಿಗೂ ಒಂದೇ ಆಯಿಲ್. ಪ್ಲೇಟುಗಳು ಅದರಲ್ಲೇ ಮುಳುಗಿದ್ದುಕೊಂಡು ಒಂದನ್ನೊಂದು ಹಿಡಿಯಬೇಕು. ಕಾರಿನ ಆಯಿಲಿಗೆ ಎಂಜಿನ್ನಿನೊಳಗೆ ನುಣುಪು ಹೆಚ್ಚಿಸುವ ರಾಸಾಯನಿಕ ಬೆರೆಸಿರುತ್ತಾರೆ. ಕಾರಿಗೆ ಅದು ಒಳ್ಳೆಯದೇ, ಅದರ ಕ್ಲಚ್ ಒಣಗಿದ ಜಾಗದಲ್ಲಿರುತ್ತದೆ. ಇಲ್ಲಿ ಮಾತ್ರ ಕುಸ್ತಿಯ ಪೈಲ್ವಾನನಿಗೆ ಎಣ್ಣೆ ಹಚ್ಚಿ ಅಖಾಡಕ್ಕೆ ಬಿಟ್ಟಂತೆ.

ಎರಡನೆಯದು ಇನ್ನೂ ಪೆದ್ದುತನ. ಲಿವರ್ ಲಟಲಟ ಅಲ್ಲಾಡುವುದು ಕಿರಿಕಿರಿಯೆನಿಸಿ ಕೇಬಲ್ ಬಿಗಿದಿದ್ದೆ. ತುದಿಯಲ್ಲಿ ಎರಡು ಮೂರು ಮಿಲಿಮೀಟರ್ ಸಡಿಲ ಇರಲೇಬೇಕು. ಇಲ್ಲದಿದ್ದರೆ ಕೈಬಿಟ್ಟಾಗಲೂ ಕ್ಲಚ್ಚನ್ನು ಒಂದಿಷ್ಟು ಹಿಡಿದೇ ಓಡಿಸಿದಂತಾಗುತ್ತದೆ, ಪ್ಲೇಟುಗಳನ್ನು ಒತ್ತಿ ಹಿಡಿಯುವ ಸ್ಪ್ರಿಂಗುಗಳು ಪೂರ್ತಿ ಒತ್ತುವುದಿಲ್ಲ. ಪ್ಲೇಟು ಸವೆದಷ್ಟೂ ಈ ಸಡಿಲ ತಾನಾಗಿ ಕಡಿಮೆಯಾಗುತ್ತ ಹೋಗುತ್ತದೆ. ನಾನು ಸವೆಯುವ ಮೊದಲೇ ಅದನ್ನು ನುಂಗಿಹಾಕಿದ್ದೆ.

ಶುಕ್ರವಾರ ರಾತ್ರಿ ಅಂಗಳದಲ್ಲಿ ಬಿಚ್ಚಿದೆ. ಆಯಿಲ್ ಇಳಿಸಿಯೇ ಇಳಿಸಿದ್ದೆ, ಆದರೆ ಗಾಡಿ ಸೈಡ್ ಸ್ಟ್ಯಾಂಡಿನ ಮೇಲಿತ್ತು. ಸೈಡ್ ಸ್ಟ್ಯಾಂಡ್ ಎಡಕ್ಕೆ, ಕ್ಲಚ್ಚೂ ಎಡಕ್ಕೆ. ಕವರ್ ಸಡಿಲಾಗುತ್ತಲೇ ಒಳಗೆ ಉಳಿದದ್ದೆಲ್ಲ ನನ್ನ ಮೊಣಕಾಲಿನ ಮೇಲೆ. ಬೈದುಕೊಂಡು ನಡು ಸ್ಟ್ಯಾಂಡ್ ಹಾಕಿದೆ.

ಸ್ಪ್ರಿಂಗುಗಳ ಬೋಲ್ಟನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ ಪ್ರೆಷರ್ ಪ್ಲೇಟ್ ತೆಗೆದರೆ, ಒಳಗಿನ ಪ್ಲೇಟುಗಳು ಬಿಸ್ಕತ್ತಿನ ಪೊಟ್ಟಣದಂತೆ ಒಂದರ ಹಿಂದೊಂದು ಬಂದವು. ಸ್ಟೀಲ್ ಪ್ಲೇಟುಗಳ ಮೈಮೇಲೆ ನವಿಲಿನ ಕುತ್ತಿಗೆಯಂಥ ನೀಲಿ. ನೋಡಲು ಚೆಂದ, ಅರ್ಥ ಮಾತ್ರ ಕೆಟ್ಟದ್ದು: ಜಾರಿ ಜಾರಿ ಕಾದ ಗುರುತು ಅದು. ಕಿಟಕಿಯ ಹಳೆಯ ಗಾಜಿನ ಮೇಲಿಟ್ಟು ಒತ್ತಿದಾಗ ಎರಡು ಟಕಟಕ ಎಂದವು, ಸೊಟ್ಟಗಾಗಿದ್ದವು. ಉಜ್ಜುವ ಪ್ಲೇಟುಗಳ ಮೇಲ್ಮೈ ಗಾಜಿನಂತೆ ಹೊಳೆಯುತ್ತಿತ್ತು, ಮೂಸಿದರೆ ಅದೇ ರಾಜ್ಯೋತ್ಸವದ ವಾಸನೆ. ಸ್ಪ್ರಿಂಗ್ ಮಾತ್ರ ಉದ್ದದಲ್ಲಿ ಸರಿಯಿದ್ದವು. ಕಾಕಾ ಅವನ್ನೂ ಬದಲಿಸು ಎಂದರು, ನಾನು ಬದಲಿಸಲಿಲ್ಲ.

ನಿನ್ನೆ ಹೊಸ ಪ್ಲೇಟು, ಆಯಿಲ್ ಸೋರದಂತೆ ಕವರಿನ ಅಂಚಿಗೆ ಕೂರಿಸುವ ಪ್ಯಾಕಿಂಗ್, ಡಬ್ಬಿಯ ಮೇಲೆ ಜಾಸೊ ಎಂಎ (ಆಯಿಲಿನಲ್ಲಿ ಮುಳುಗಿರುವ ಕ್ಲಚ್ಚಿಗೆ ಹೊಂದುತ್ತದೆ ಎಂಬ ಗುರುತು) ಎಂದು ಬರೆದಿದ್ದ 15ಡಬ್ಲ್ಯು50 ಆಯಿಲ್ ತಂದೆ. ಹೊಸ ಪ್ಲೇಟನ್ನು ಒಣಗಿದ್ದಂತೆಯೇ ಹಾಕಬಾರದು, ಆಯಿಲಿನಲ್ಲಿ ನೆನೆಸಬೇಕು. ಅಗಲ ಸರಿಹೊಂದಿದ್ದು ಅವ್ವನ ಬೋಗುಣಿ ಒಂದೇ. ರಾತ್ರಿ ಕಟ್ಟೆಯ ಮೇಲೆ ಮುಚ್ಚಿಟ್ಟು ಮಲಗಿದೆ. ಬೆಳಿಗ್ಗೆ ಅವ್ವ ಮುಚ್ಚಳ ತೆಗೆದು ನೋಡಿ, "ಹಿಟ್ಟು ನಾದುವುದರಲ್ಲಿ ಏನು ನೆನೆಹಾಕಿದ್ದೀಯೋ?" ಎಂದು ಕೇಳಿದಳು. ಉತ್ತರ ಹೇಳಿದ ಮೇಲೆ ಮಧ್ಯಾಹ್ನದವರೆಗೆ ಮಾತಾಡಲಿಲ್ಲ. ಖಡೇಬಜಾರಿನಿಂದ ಹೊಸ ಬೋಗುಣಿ ಬರಬೇಕೆಂದು ತೀರ್ಪಾಗಿದೆ.

ಜೋಡಿಸಲು ಎರಡೂವರೆ ತಾಸು. ಅದರಲ್ಲಿ ಒಂದು ತಾಸು ಕವರಿಗೆ ಅಂಟಿದ್ದ ಹಳೆಯ ಪ್ಯಾಕಿಂಗ್ ಕೆರೆಯುವುದಕ್ಕೇ ಹೋಯಿತು. ಕೇಬಲ್ಲಿಗೆ ಈ ಸಲ ಸ್ಕೇಲ್ ಹಿಡಿದು ಸಡಿಲ ಬಿಟ್ಟೆ.

ಸಂಜೆ ವಂಟಮುರಿ ಘಾಟಿನವರೆಗೆ ಹೋಗಿಬಂದೆ. ಏರಿನಲ್ಲಿ ಐದನೇ ಗೇರು, ಗಂಟೆಗೆ 50 ಕಿ.ಮೀ., ಒಮ್ಮೆಲೇ ತಿರುವಿದೆ. ಕೂಗಲಿಲ್ಲ. ಒಂದು ಗಳಿಗೆ ಗೊಣಗಿ, ಹೆಗಲು ಕೊಟ್ಟ ಎತ್ತಿನಂತೆ ಎಳೆಯಿತು. ಲಿವರ್ ಲಟಲಟ ಅನ್ನುತ್ತಲೇ ಇತ್ತು, ಅನ್ನಲಿ.

ಮನೆಗೆ ಬಂದು ಕೈ ಹಾಯಿಸಿದರೆ ಕವರಿನ ಕೆಳಗಿನ ಅಂಚು ಸ್ವಲ್ಪ ಹಸಿ. ಒರೆಸುವಾಗ ಉಳಿದದ್ದೋ, ಪ್ಯಾಕಿಂಗ್ ಸರಿಯಾಗಿ ಕೂತಿಲ್ಲವೋ ತಿಳಿಯಲಿಲ್ಲ. ಗಾಡಿಯ ಕೆಳಗೆ ನಿನ್ನೆಯ ಪತ್ರಿಕೆ ಹಾಸಿ ಬಂದಿದ್ದೇನೆ. ಬೆಳಿಗ್ಗೆ ಎದ್ದು ನೋಡಬೇಕು.